ಯಾರೂ ನೋಡದ ಮಾತ್ರೆ

“ಮಗಾ, ಈ ಮಾತ್ರೆಯ ನೀನೇ ಪರೀಕ್ಷೆ ಮಾಡಿದ್ದಾ?” ಬಿ.ಪಿ. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ದೊಡ್ಡವ್ವ ಕೇಳಿದಳು. ಕನಕಪುರದ ಕಡೆ ಹೊಸದಾಗಿ ಶುರುವಾಗಿದ್ದ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನಾನಾಗ ಕೆಲಸ ಕಲಿಯುತ್ತಿದ್ದೆ. ಪರೀಕ್ಷೆಗೆ ತೆಗೆದುಕೊಂಡ ಮಾತ್ರೆಗಳನ್ನು ಅರೆದು ಕರಗಿಸಿಬಿಡುತ್ತೇವೆ, ಅದೇ ಬ್ಯಾಚಿನ ಉಳಿದವು ಅಂಗಡಿಗೆ ಹೋಗುತ್ತವೆ ಎಂದೆ.

“ಅಂಗಾರೆ ನೀವು ನೋಡಿದ್ದ ಯಾರೂ ನುಂಗಕ್ಕಿಲ್ಲ, ನಾನು ನುಂಗೋದ ಯಾರೂ ನೋಡಿಲ್ಲ ಅನ್ನು,” ಎಂದು ನಕ್ಕು, ನೀರು ಕುಡಿದು ನುಂಗಿಯೇಬಿಟ್ಟಳು.

ನನಗೆ ನಗು ಬರಲಿಲ್ಲ. ಮೂರು ಸಲ ಮಾಡಬೇಕಾದ ಪರೀಕ್ಷೆಯಲ್ಲಿ ಎರಡು ಸಲವೂ ಒಂದೇ ಅಳತೆ ಬಂತೆಂದು, ಅಂದು ಮೂರನೆಯದನ್ನು ಮಾಡದೆಯೇ ಅದಕ್ಕೂ ಅದೇ ಅಳತೆ ಬರೆದು ಬಂದಿದ್ದೆ.

ಮರುದಿನ ಲ್ಯಾಬಿನಲ್ಲಿ ಕೆಲಸ ಕಲಿಸುತ್ತಿದ್ದ ಮೇಡಂ ಹತ್ತಿರ ಒಪ್ಪಿಕೊಂಡು, ಬೈಸಿಕೊಂಡು, ಮೂರನೆಯದನ್ನೂ ಮಾಡಿದೆ. ಅಳತೆ ಅದೇ ಬಂತು. ಬೈಗುಳ ಮರೆತಿದೆ, ದೊಡ್ಡವ್ವ ಕುಡಿದ ಆ ಒಂದು ಗುಟುಕು ನೀರು ಮರೆತಿಲ್ಲ.