ಕಣ್ಣು ಕಟ್ಟದೆ ಒಯ್ದ ನಾಯಿ

ನಾಯಿಯನ್ನು ಮನೆಗೆ ತಂದವರು ನನ್ನ ಗಂಡ. ಗೋವಾದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೊರಡುವವರು. ಒಂದು ಭಾನುವಾರ ಬೈತಖೋಲ ಬಂದರಿಗೆ ಮೀನು ತರಲು ಹೋದವರು ಬಂಗಡೆಯ ಜೊತೆಗೆ, ಹರಿದ ಬಲೆಯಲ್ಲಿ ಕಾಲು ಸಿಕ್ಕಿ ಒದ್ದಾಡುತ್ತಿದ್ದ ಮರಿಯೊಂದನ್ನೂ ಎತ್ತಿಕೊಂಡು ಬಂದರು. ಪುಣ್ಯ ಅವರಿಗೆ, ಚಾಕರಿ ನನಗೆ.

ಅತ್ತೆ ಆಗ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದರು. ಕಾರವಾರದ ಆ ಎರಡು ಕೋಣೆಯ ಮನೆಯಲ್ಲಿ ಅವರ ಗಂಜಿ, ಔಷಧ, ಬೆಡ್‌ಪ್ಯಾನ್ ಎನ್ನುವುದರೊಳಗೆ ನನ್ನ ದಿನ ಮುಗಿಯುತ್ತಿತ್ತು. ಅಂಗಡಿಗೆ ಹೋದರೂ ಹೋದ ಕಾಲಲ್ಲೇ ಹಿಂದಿರುಗಬೇಕು. ಕಡಲು ಕೂಗಳತೆಯಲ್ಲಿತ್ತು, ನೋಡಿ ವರ್ಷವಾಗಿತ್ತು. ನನಗೆ ಉಸಿರು ಕಟ್ಟುತ್ತಿತ್ತು. ಅತ್ತೆ ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು, ಅವರು ಒಳ್ಳೆಯವರು.

ನಾಯಿ ಬೆಳೆಯಿತು. ‘ನಾಯಿಗೆ ಕೆಲಸವಿಲ್ಲ, ಕೂರಲು ಹೊತ್ತಿಲ್ಲ’ ಎಂಬ ಗಾದೆಯನ್ನು ಅದನ್ನೇ ನೋಡಿ ಕಟ್ಟಿರಬೇಕು. ಬೆಳಿಗ್ಗೆ ಓಡಿಸದಿದ್ದರೆ ಚಪ್ಪಲಿ, ಕಾಲೊರಸು, ಒಣಹಾಕಿದ ಸೀರೆ ಯಾವುದೂ ಉಳಿಯುತ್ತಿರಲಿಲ್ಲ. ಹಾಗಾಗಿ ಅತ್ತೆ ಏಳುವ ಮೊದಲು ಕಡಲ ದಂಡೆಗೆ ಕರೆದೊಯ್ಯತೊಡಗಿದೆ. ಕರೆದೊಯ್ಯುವುದೇನು, ಅದೇ ನನ್ನನ್ನು ಎಳೆದೊಯ್ಯುತ್ತಿತ್ತು. ಸೆರಗು ಸಿಕ್ಕಿಸಿ ಮರಳಿನಲ್ಲಿ ನಾನೂ ಓಡುತ್ತಿದ್ದೆ. ಯಾರಾದರೂ ನೋಡಿ ನಕ್ಕರೆ, ನಾಯಿ ಎಳೆಯುತ್ತದೆ ಎಂದರಾಯಿತು.

ಒಂದು ಸಂಜೆ ಅದು ಪ್ರೀತಿ ಹೆಚ್ಚಾಗಿ ಅತ್ತೆಯ ಮಂಚಕ್ಕೇ ನೆಗೆಯಿತು. ಅವರು ಕಿರುಚಿದ್ದು ಓಣಿಗೆಲ್ಲ ಕೇಳಿತು. ಇನ್ನೊಮ್ಮೆ ಪೆಟ್ಟಾದರೆ ಅವರು ಏಳುವುದೇ ಇಲ್ಲ ಎಂದರು ಡಾಕ್ಟರು. ನಾಯಿಯನ್ನು ಕೊಡಲೇಬೇಕಾಯಿತು. ಹತ್ತಿರದ ಕಿನ್ನರ ಎಂಬ ಹಳ್ಳಿಯವರೊಬ್ಬರು ಒಯ್ದು ಸರಪಳಿ ಬಿಗಿದರು. ವಾರ ಕಳೆಯುವುದರೊಳಗೆ ಕುತ್ತಿಗೆಯ ಸುತ್ತ ಗಾಯ ಮಾಡಿಕೊಂಡ ನಾಯಿಯನ್ನು ತಂದು ಬಿಟ್ಟರು.

“ಇದು ಒಂದ್ಕಡೆ ನಿಲ್ಲೂ ನಾಯಲ್ಲ ಅಕ್ಕಾ.”

ಆಗ ಅಂಕೋಲೆಯ ಗೆಳತಿ ನೆನಪಾದಳು. ನನ್ನ ತವರೂರಿನವಳು, ಜೊತೆಗೆ ಶಾಲೆಗೆ ಓಡಿದವಳು. ಫೋನ್ ಮಾಡಿದೆ.

“ತಗಂಡು ಬಾರೇ ಮಾರಾಯ್ತಿ,” ಎಂದಳು. “ಹಿತ್ಲಿಗೆ ಮಂಗ ಬಂದ್ರೆ ಒಂದು ಬದನೆಕಾಯಿ ಉಳ್ಸೂದಿಲ್ಲ. ನಂಗೆ ಓಡೂ ನಾಯೇ ಬೇಕು.”

ನಾದಿನಿ ದೀಪಾವಳಿಗೆ ಬಂದದ್ದರಿಂದ ನನಗೊಂದು ದಿನ ಸಿಕ್ಕಿತು. ಹೊರಡುವಾಗ ಅತ್ತೆ ಮಲಗಿದಲ್ಲಿಂದಲೇ ಹೇಳಿದರು:

“ಗೋಣಿಚೀಲದಲ್ಲಿ ಹಾಕ್ಕಂಡು ಹೋಗೇ. ದಾರಿ ಕಂಡ್ರೆ ತಿರ್ಗಿ ಬರ್ತದೆ.”

ನಮ್ಮ ಕಡೆ ನಾಯಿ, ಬೆಕ್ಕು ಕೊಡುವುದೇ ಹಾಗೆ, ಅದರ ಕಣ್ಣಿಗೆ ದಾರಿ ಬೀಳದಂತೆ. ನಾನು ಚೀಲ ಹಿಡಿದೇ ಹೊರಟೆ. ಪರಿಚಯದವರ ಮೀನಿನ ಟೆಂಪೋ ಹತ್ತಿದ ಮೇಲೆ ಅದನ್ನು ಮಡಚಿ ಕಾಲಡಿಗೆ ಹಾಕಿದೆ. ನಾಯಿಯನ್ನು ತೊಡೆಯ ಮೇಲೆ ನಿಲ್ಲಿಸಿ, ತಲೆಯನ್ನು ಕಿಟಕಿಯಾಚೆ ಹಾಕಿಸಿದೆ. ತಿರುಗಿ ಬರಲಿ ಎಂದೇ ನನ್ನ ಆಸೆ. ಅದು ಹೋದರೆ ನನ್ನ ಕಡಲೂ ಹೋದಂತೆ. ನೌಕಾನೆಲೆಯ ಹೊಸ ಗೋಡೆ ಮುಗಿಯಿತು, ತೋಡೂರು ದಾಟಿತು, ಅವರ್ಸಾ ಬಂತು. ತಿರುವು ಬಂದಾಗೆಲ್ಲ ಅದರ ಕಿವಿ ಹಿಡಿದು “ನೋಡಿಟ್ಕೋ” ಎನ್ನುತ್ತಿದ್ದೆ.

ಟೆಂಪೋದವನಿಗೆ ನಗು. “ವೈನಿ, ನಾಯಿಗೆ ಊರು ತೋರ್ಸೂಕೆ ಹೊರಟ್ರಾ?”

ಗೆಳತಿಯ ಮನೆಯ ಹಿಂದೆ ಬದನೆಯ ಸಾಲು, ಅದರಾಚೆ ತೆಂಗು, ಅದರಾಚೆ ನಾನು ಚಿಕ್ಕಂದಿನಲ್ಲಿ ಓಡಿದ ಮರಳು. ಹಗ್ಗ ಬಿಚ್ಚಿದೆ. ಮಂಗಗಳನ್ನು ಅಟ್ಟಿಸಿಕೊಂಡು ಹೋದ ನಾಯಿ ನಾನು ಬಸ್ಸಿಗೆ ಹೊರಡುವವರೆಗೂ ಬರಲಿಲ್ಲ.

“ಕಣ್ಣು ಮುಚ್ಚೇ ಒಯ್ದ್ಯಲ್ಲ?” ಎಂದು ನಾನು ಮನೆ ತಲುಪಿದೊಡನೆ ಕೇಳಿದರು ಅತ್ತೆ. ಹೂಂ ಎಂದೆ.

ಆಮೇಲೆ ಎಷ್ಟೋ ದಿನ, ಹಾಲಿನವನ ನೆಪದಲ್ಲಿ ಬೆಳಿಗ್ಗೆ ಬೇಗ ಬಾಗಿಲು ತೆಗೆದು ಓಣಿ ನೋಡುತ್ತಿದ್ದೆ. ಕೊನೆಗೆ ಗೆಳತಿಗೇ ಫೋನ್ ಮಾಡಿದೆ. ನಾಯಿ ಚೆನ್ನಾಗಿದೆ, ಒಂದು ದಿನವೂ ಕಟ್ಟಿಲ್ಲ, ಹೆದ್ದಾರಿಯವರೆಗೂ ಹೋಗಿ ತಾನೇ ಮನೆಗೆ ಬರುತ್ತದೆ ಎಂದಳು. ಸಂತೋಷವಾಯಿತು. ಫೋನ್ ಇಟ್ಟ ಮೇಲೆ ಅತ್ತದ್ದೂ ನಿಜ. ಅದಕ್ಕೆ ದಾರಿ ಗೊತ್ತಿತ್ತು, ಬರಲಿಲ್ಲ. ಆ ದಾರಿ ನನಗೂ ಗೊತ್ತಿತ್ತು.

ಒಳಗಿನಿಂದ ಅತ್ತೆ ಕರೆದರು. ಹೋದೆ.