ತುದಿ ಕತ್ತರಿಸಿದ ಬಿಲ್ಲೆ

ಕಳೆದ ವಾರ ಬಾಗಲಕೋಟೆಯ ನನ್ನ ಬಾಡಿಗೆ ಮನೆಯಲ್ಲಿ ಹಿತ್ತಾಳೆಯ ದೀಪವೊಂದನ್ನು ಹುಣಸೆಹಣ್ಣಿನಿಂದ ತಿಕ್ಕಿದೆ. ಕೈ ತೊಳೆದ ಮೇಲೂ ಬೆರಳಲ್ಲಿ ವಾಸನೆ ಉಳಿಯಿತು, ಹುಳಿಯೂ ಲೋಹವೂ ಬೆರೆತದ್ದು. ಊಟಕ್ಕೆ ಕುಳಿತಾಗಲೂ ಹೋಗಲಿಲ್ಲ. ಇಳಕಲ್ಲಿನ ನಮ್ಮ ಓಣಿಯ ಎದುರುಮನೆ ಕಾಕಾನ ಪಡಸಾಲೆಯಲ್ಲಿ ಇದೇ ವಾಸನೆ ಇರುತ್ತಿತ್ತು...

ಕಾಕಾ ನಮಗೆ ಸಂಬಂಧಿಕರಲ್ಲ. ನೇಕಾರರು. ದಿನವಿಡೀ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುತ್ತಿದ್ದರು; ಅವರ ಹೆಂಡತಿ ಕಾಕು ಪಕ್ಕದಲ್ಲಿ ರಾಟಿ ತಿರುವುತ್ತ ನೂಲು ಸುತ್ತುತ್ತಿದ್ದಳು. ಸೈನ್ಯಕ್ಕೂ ಅವರಿಗೂ ಯಾವ ನಂಟೂ ಕಾಣುತ್ತಿರಲಿಲ್ಲ. ಆದರೆ ಸೀರೆಯ ರಟ್ಟಿನ ಡಬ್ಬಿಯೊಂದರಲ್ಲಿ, ಕೆಂಪು ದಡಿಯ ತುಂಡುಬಟ್ಟೆಯ ಮೇಲೆ, ಸೈನಿಕರು ಟೋಪಿಗೆ ಹಚ್ಚಿಕೊಳ್ಳುವ ಬಿಲ್ಲೆಗಳನ್ನು ಸಾಲಾಗಿ ಚುಚ್ಚಿಟ್ಟಿದ್ದರು. ಹತ್ತೊಂಬತ್ತು ಇದ್ದವು. ಎಲ್ಲವೂ ಫಿರಂಗಿ ದಳದವು. ಬೇರೆ ದಳದ ಬಿಲ್ಲೆ ಎಷ್ಟೇ ಚೆಂದವಿದ್ದರೂ ಅವರು ಮುಟ್ಟುತ್ತಿರಲಿಲ್ಲ.

"ಮಂದಿ ಗಂಡಸ್ರು ಹೆಂಡ್ತಿಗೆ ಬಂಗಾರದ ಬಿಲ್ಲಿ ತರ್ತಾರ," ಎಂದು ಕಾಕು ನನ್ನ ಮುಂದೆ ಹೇಳುತ್ತಿದ್ದಳು, "ನಮ್ಮಾವ್ರು ಸತ್ತ ಸಿಪಾಯಿಗೋಳ ಟೊಪಗಿ ಬಿಲ್ಲಾ ಆರಿಸ್ಕೊಂಡ ಬರ್ತಾರ."

"ಬಂಗಾರ ತಂದ್ರ ನೀ ಹಾಕ್ಕೊಂಡು ಓಣಿ ತುಂಬ ತಿರಗ್ತಿ. ಸೀರಿ ಯಾರು ಮುಗಸ್ಬೇಕು?" ಎಂದು ಕಾಕಾ ಲಾಳಿ ಎಸೆಯುತ್ತಲೇ ಉತ್ತರಿಸುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದ ಆ ವರ್ಷಗಳಲ್ಲಿ ಹಳೆ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಖಾಲಿಯಾಗುತ್ತಿತ್ತು. ಜನ ಮನೆ ಬಿಡುವಾಗ ಅಟ್ಟದ ಟ್ರಂಕುಗಳನ್ನು ಇಳಿಸಿ, ಬೇಡವಾದದ್ದನ್ನು ಗುಜರಿಗೆ ಹಾಕುತ್ತಿದ್ದರು. ಎಂದೋ ಪಿಂಚಣಿ ಪಡೆದು ಸತ್ತ ಸೈನಿಕರ ಸಾಮಾನು ಹಾಗೆ ಹೊರಬೀಳುತ್ತಿತ್ತು. ಕಾಕಾ ವಾರಕ್ಕೊಮ್ಮೆ ಮಗ್ಗ ಬಿಟ್ಟು ಬಸ್ಸು ಹತ್ತುತ್ತಿದ್ದರು. ಬಾದಾಮಿಯ ಗುಹೆಗಳ ಹತ್ತಿರ ಸಿಕ್ಕ ವಿದೇಶಿ ಮುದುಕನೊಬ್ಬನಿಗೆ ಒಂದು ಕುಪ್ಪಸದ ಖಣ ಕೊಟ್ಟು, ಚಕ್ರ ತಿರುಗುವ ಬಿಲ್ಲೆಯೊಂದನ್ನು ಪಡೆದಿದ್ದರು. ತಂದದ್ದಕ್ಕೆ ಕಿಲುಬು ಹಿಡಿದಿದ್ದರೆ ಹುಣಸೆನೀರಿನಲ್ಲಿ ಒಂದೇ ಸಲ ಅದ್ದಿ ತೆಗೆಯುತ್ತಿದ್ದರು. ಎರಡನೆಯ ಸಲ ಅದ್ದಲು ನನಗೆ ಬಿಡುತ್ತಿರಲಿಲ್ಲ. "ತಿಕ್ಕಿದ್ರ ಬಿಲ್ಲಾದ ಮಾರಿ ಸವದು ಹೋಗತೈತಿ ತಂಗಿ."

ಗುರುತಿಸುವುದನ್ನು ನನಗೆ ಕಲಿಸಿದವರು ಅವರೇ. ನಡುವೆ ಚಕ್ರದ ಮೇಲೆ ಕುಳಿತ ಫಿರಂಗಿ ಎಲ್ಲದರಲ್ಲೂ ಒಂದೇ. ನೋಡಬೇಕಾದದ್ದು ತುದಿಯನ್ನು. ಬ್ರಿಟಿಷ್ ರಾಜರ ಕಾಲದ್ದಕ್ಕೆ ಕಿರೀಟ, ಗಣರಾಜ್ಯವಾದ ಮೇಲಿನದಕ್ಕೆ ನಕ್ಷತ್ರ. ಆಮೇಲೆ ಹಿಂಬದಿ ತಿರುವಿ, ಟೋಪಿಗೆ ಸಿಕ್ಕಿಸಲು ಎರಡು ಕೊಂಡಿ ಇವೆಯೋ ಉದ್ದನೆಯ ಪಟ್ಟಿ ಇದೆಯೋ ನೋಡಬೇಕು. ಹೊಸದಾಗಿ ಎರಕ ಹೊಯ್ದ ನಕಲಿಯಾದರೆ ಅಂಚು ಬೆರಳಿಗೆ ಚುಚ್ಚುತ್ತದೆ. ಎಣಿಸಿ, ಅಳೆದು, ಚೀಟಿ ಬರೆದು ಅಂಟಿಸುವ ಆ ಕೆಲಸ ನನಗೆ ಹಿಡಿಸಿತ್ತು. ಯಾರೊಂದಿಗೂ ಹೆಚ್ಚು ಮಾತಾಡಬೇಕಾಗಿರಲಿಲ್ಲ. ಧಾರವಾಡಕ್ಕೆ ಎಂ.ಎ. ಓದಲು ಹೋದ ಮೇಲೂ, ಗ್ರಂಥಾಲಯದಲ್ಲಿ ಬಿಲ್ಲೆಗಳ ಚಿತ್ರ ಸಿಕ್ಕರೆ ಜೆರಾಕ್ಸ್ ಮಾಡಿಸಿ ತಂದು, ಇಂಗ್ಲಿಷ್ ವಿವರ ಓದಿ ಹೇಳುತ್ತಿದ್ದೆ.

ಎರಡನೆಯ ವರ್ಷದ ಗಣೇಶನ ಹಬ್ಬದ ರಜೆಯಲ್ಲಿ ಅವರು ಡಬ್ಬಿಯಲ್ಲಿ ಎಂದೂ ಇಡದ ಒಂದು ಬಿಲ್ಲೆಯನ್ನು ದೇವರಮನೆಯ ಜಗಲಿಯ ಮೇಲಿನ ದೇವರ ಹಿಂದಿನಿಂದ ತೆಗೆದು ತಂದರು. ಅದಕ್ಕೆ ತುದಿ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಒಂದು ಉಂಗುರ ಬೆಸೆದಿದ್ದರು. ಮುಖ ಸವೆದು ನುಣುಪಾಗಿತ್ತು.

ಅಂದು ಅದರ ಕತೆಯನ್ನೂ ಹೇಳಿದರು. ಅವರು ತೊಟ್ಟಿಲಲ್ಲಿದ್ದಾಗ, ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಹದಿನೇಳರ ಅಣ್ಣ ಮನೆ ಬಿಟ್ಟು ಹೋದ. ಕೆಲವು ವರ್ಷಗಳ ನಂತರ ಅಂಚೆಯಲ್ಲಿ ಈ ಬಿಲ್ಲೆ ಬಂತು, ಜೊತೆಗೆ ಕಾಗದವಿಲ್ಲ, ಕಳಿಸಿದವರ ವಿಳಾಸವಿಲ್ಲ. ಯಾವ ವರ್ಷ ಎಂದು ಮನೆಯಲ್ಲಿ ಯಾರೂ ಗುರುತಿಡಲಿಲ್ಲ. ನೇಕಾರರ ಮನೆ, ಚಕ್ರವನ್ನೂ ಅದರ ಮೇಲಿನ ಕೋಲನ್ನೂ ನೋಡಿ ಅವರ ತಾಯಿ ಅದನ್ನು ರಾಟಿ ಎಂದುಕೊಂಡಳು. ಮಗ ಎಲ್ಲೋ ನೇಯ್ಗೆಯ ಕೆಲಸಕ್ಕೆ ಸೇರಿದ್ದಾನೆ, ಗುರುತು ಕಳಿಸಿದ್ದಾನೆ. ರಾಟಿಗೆ ತಲೆಯ ಮೇಲೆ ಏನಿರುತ್ತದೆ? ಅಕ್ಕಸಾಲಿ ಪತ್ತಾರನ ಕೈಲಿ ತುದಿ ಕತ್ತರಿಸಿ, ಉಂಗುರ ಹಾಕಿಸಿ, ಜಗಲಿಗೆ ತೂಗುಹಾಕಿದಳು. ಪ್ರತಿ ಸೋಮವಾರ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹಿರಿಮಗನ ಮಗ್ಗದ ಕುಣಿಯನ್ನು ಅವನಿಗಾಗಿ ಖಾಲಿ ಇಟ್ಟಳು. ಇಪ್ಪತ್ತೈದು ವರ್ಷ ಯಾರನ್ನೂ ಅದರಲ್ಲಿ ಕೂಡ್ರಿಸಲಿಲ್ಲ.

ಕಾಕಾ ಮದುವೆಯಾದ ಮೇಲೆ ಒಮ್ಮೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಮಾಜಿ ಸೈನಿಕನೊಬ್ಬನಿಗೆ ಆ ಬಿಲ್ಲೆ ತೋರಿಸಿದರು. ಆತ ನಕ್ಕು, "ರಾಟಿ ಅಲ್ಲೋ ಮಾರಾಯಾ, ಫಿರಂಗಿ ತೋಪು ಇದು," ಎಂದ. ಕಾಕಾ ಮನೆಗೆ ಬಂದು ತಾಯಿಗೆ ಹೇಳಿದರು: ಅಣ್ಣ ಯುದ್ಧಕ್ಕೆ ಹೋಗಿದ್ದ, ಅಲ್ಲೇ ಸತ್ತಿದ್ದಾನೆ, ಇನ್ನು ಕಾಯಬೇಡ. ತಾಯಿ ಮರುದಿನವೇ ಮಣ್ಣು ತರಿಸಿ ಕುಣಿ ಮುಚ್ಚಿಸಿದಳು. ಆ ವರ್ಷ ಮಹಾನವಮಿಗೆ ಮುಂಚಿನ ಅಮಾವಾಸ್ಯೆಗೆ, ಸತ್ತ ಹಿರಿಯರ ಜೊತೆ ಮಗನಿಗೂ ಎಡೆ ಇಟ್ಟಳು. ಮುಂದಿನ ವರ್ಷದ ಅಮಾವಾಸ್ಯೆಗೆ ಅವಳೂ ಇರಲಿಲ್ಲ.

"ಕಿರೀಟ ಇತ್ತೋ ಚಿಕ್ಕಿ ಇತ್ತೋ, ಅಷ್ಟ ಗೊತ್ತಾಗ್ಬೇಕು ನನಗ," ಎಂದರು ಕಾಕಾ. ಕಿರೀಟವಿದ್ದರೆ ಅಣ್ಣ ಆ ಯುದ್ಧದಲ್ಲೇ ಹೋದ ಎನ್ನಬಹುದು. ತಾಯಿಗೆ ಹೇಳಿದ್ದು ನಿಜವೆಂದಾಗುತ್ತದೆ. ನಕ್ಷತ್ರವಿದ್ದರೆ ಯುದ್ಧ ಮುಗಿದು ವರ್ಷಗಳಾದ ಮೇಲೂ ಅವನು ಬದುಕಿದ್ದ. ಬದುಕಿದ್ದೇನೆ ಎಂದು ಹೇಳಲೆಂದೇ ಕಳಿಸಿದ್ದ.

ನಾನು ಬಿಲ್ಲೆಯ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲನ್ನು ಮೆಲ್ಲಗೆ ಉಜ್ಜಿದೆ. ಚಕ್ರ ಮೂಡಿತು. ಕೆಳಗಿನ ಪಟ್ಟಿಯಲ್ಲಿ ಅಕ್ಷರಗಳು ಅಳಿಸಿದ್ದರೂ, ಅವುಗಳ ನೆತ್ತಿಯ ಮೇಲೆ ಎಳೆದಂತೆ ಒಂದು ನೇರ ಗೆರೆ ಮೂಡಿತು. ಮತ್ತೊಂದು ಕಾಗದದಲ್ಲಿ ಉಜ್ಜಿದೆ. ಅದೇ ಗೆರೆ.

"ಕಾಕಾ, ಇವು ಇಂಗ್ಲಿಷ್ ಅಕ್ಷರ ಅಲ್ರಿ. ನಾಗರಿ ಅದಾವ. ರಾಜರ ಕಾಲದ್ದಕ್ಕ ನಾಗರಿ ಇರಾಂಗಿಲ್ಲ. ಚಿಕ್ಕಿ ಇದ್ದ ಬಿಲ್ಲಾನ ಇದು."

"ಖರೆ ಏನವಾ?"

"ನೂರಕ್ಕ ನೂರು ಖರೆ ರಿ."

ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಎಲ್ಲ ತಿಳಿದಿದ್ದೂ, ಆ ಕ್ಷಣದಲ್ಲಿ ನನಗೆ ಬಿಲ್ಲೆಯೊಂದೇ ಕಾಣುತ್ತಿತ್ತು. ರಾಟಿ ನಿಂತಿತು, ಕಾಕು ನಮ್ಮ ಕಡೆ ನೋಡಿದಳು. ಕಾಕಾ ಭೂತಗಾಜು ಕೈಗೆತ್ತಿಕೊಂಡರು, ಆದರೆ ಕಾಗದದ ಮೇಲೆ ಹಿಡಿಯಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಮಣ್ಣು ತುಂಬಿ ಸಾರಿಸಿದ ಜಾಗವನ್ನು ನೋಡುತ್ತ, "ಅವ್ವನ್ನ ನಾನ ಮುಗಿಸಿದಂಗಾತು," ಎಂದರು. ಭೂತಗಾಜು ಕೆಳಗಿಟ್ಟು, "ಚಾ ಕುಡದು ಹೋಗು ತಂಗಿ," ಎಂದರು.

ಸಾವಿರಾರು ಎಳೆಗಳಲ್ಲಿ ಕಡಿದ ಒಂದು ಎಳೆಯನ್ನು ಮಬ್ಬು ಬೆಳಕಿನಲ್ಲೂ ಹಿಡಿಯುತ್ತಿದ್ದ ಕಣ್ಣು ಅವರದು. ಅಷ್ಟು ವರ್ಷ ಕೈಯಲ್ಲಿ ಹಿಡಿದ ಬಿಲ್ಲೆಯ ಗೆರೆ ಅವರಿಗೆ ಕಂಡಿರಲಿಲ್ಲವೇ? ಕಂಡಿತ್ತೇನೋ... ಅದು ಹಾಗಲ್ಲ ಎಂದು ಓದಿದವಳೊಬ್ಬಳು ಹೇಳಲಿ ಎಂದು ನನಗೆ ಕೊಟ್ಟಿದ್ದರೇನೋ.

ಮುಂದೆ ಡಬ್ಬಿಗೆ ಹೊಸ ಬಿಲ್ಲೆ ಸೇರಲಿಲ್ಲ. ನನ್ನ ಕೈಲಿ ಸೈನ್ಯದ ದಾಖಲೆ ಕಚೇರಿಗೆ ಒಂದು ಅರ್ಜಿ ಬರೆಸಿದರು. ಅಣ್ಣನ ಹೆಸರು, ಊರು ಬಿಟ್ಟು ಬರೆಯಲು ಏನೂ ಇರಲಿಲ್ಲ. ಉತ್ತರ ಬರಲಿಲ್ಲ. ಆ ವರ್ಷದ ಅಮಾವಾಸ್ಯೆಗೆ ಅವರು ಅಣ್ಣನ ಎಡೆ ನಿಲ್ಲಿಸಿದರೆಂದು ನಮ್ಮ ಅವ್ವ ಫೋನಿನಲ್ಲಿ ಹೇಳಿದಳು. "ಜೀವಂತ ಇದ್ದಾಂವಗ ಎಡಿ ಇಟ್ಟು ಮತ್ತೊಂದು ಪಾಪ ಕಟ್ಕೊಳ್ಳಲಿ ಏನು" ಎಂದಿದ್ದರಂತೆ. ನಾನು ಊರಿಗೆ ಹೋದಾಗ ಎದುರುಮನೆಗೆ ಹೋಗದಿರಲು ಕಾರಣ ಹುಡುಕತೊಡಗಿದೆ. ಕಾರಣಗಳು ಸುಲಭವಾಗಿ ಸಿಗುತ್ತಿದ್ದವು. ಕಾಕಾ ತೀರಿಕೊಂಡು ಮೂರು ವರ್ಷವಾಯಿತು. ನಾನು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಹಿರಿಯರ ಅಮಾವಾಸ್ಯೆಗೆ ಇಳಕಲ್ಲಿಗೆ ಹೋಗಿದ್ದೆ. ಕಾಕು ಹೊಸ್ತಿಲಲ್ಲಿ ನಿಂತು ಕರೆದಳು. ಈ ಸಲ ನೆಪ ಸಿಗಲಿಲ್ಲ. ಜಗಲಿಯ ಮುಂದೆ ಮೂರು ಪತ್ರಾವಳಿ ಹಾಸಿದ್ದಳು. ಅತ್ತೆಯದು, ಮಾವನದು, ಕಾಕಾನದು. ನಾಲ್ಕನೆಯದು ಅವಳ ಕೈಯಲ್ಲೇ ಇತ್ತು.

"ಅವರು ಇರೂತನಕಾ ಇಡಗೊಡಲಿಲ್ಲ. ಈಗ ಆ ಭಾವ ಇದ್ರೂ ಎಂಬತ್ತು ದಾಟಿರ್ಬೇಕು," ಎಂದಳು. "ನೀ ಓದಿದಾಕಿ, ನೀನ ಹೇಳವಾ. ಇಡ್ಲೋ ಬ್ಯಾಡೋ?"

"ನನಗ ಗೊತ್ತಿಲ್ಲ ಕಾಕು," ಎಂದೆ.

ಅವಳು ಆ ಪತ್ರಾವಳಿಯನ್ನು ಕಟ್ಟಿನೊಳಗೆ ಮತ್ತೆ ಸೇರಿಸಿ, ಅನ್ನ ಬಡಿಸತೊಡಗಿದಳು.