ಕಾಕು ಕಾಯ್ದ ಬಳೆಗಳು

ಮೊನ್ನೆ ಕಸ ಗುಡಿಸುವಾಗ ಮಂಚದ ಕೆಳಗಿನಿಂದ ಹಸಿರು ಬಳೆಚೂರೊಂದು ಪೊರಕೆಗೆ ಸಿಕ್ಕಿ ಬಂತು. ನನ್ನ ಸೊಸೆಯದು. ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದೆ. ಗೋಡೆಯ ಮೇಲೆ ಹಸಿರು ಬೆಳಕು ಅಲುಗಾಡಿತು… ಯಮಕನಮರಡಿಯ ಕಾಕು ನೆನಪಾದರು.

ತೊಂಬತ್ತರ ದಶಕದ ಕೊನೆಗೆ ನಾನು ಹುಕ್ಕೇರಿಯ ಒಂದು ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವ ಕೆಲಸದಲ್ಲಿದ್ದೆ. ಸಂಧಿವಾತದವರ ಮನೆಗೆ ಹೋಗಿ, ಅವರು ಕೊಡ ಹೇಗೆ ಎತ್ತುತ್ತಾರೆ, ಬಟ್ಟೆ ಹೇಗೆ ಹಿಂಡುತ್ತಾರೆ, ಕೀಲುಗಳನ್ನು ಎಷ್ಟು ಜೋಪಾನ ಮಾಡುತ್ತಾರೆ ಎಂದು ನೋಡಬೇಕಿತ್ತು. ಹೇಳಿದ್ದನ್ನು ಯಾರು ಕೇಳುತ್ತಾರೆ, ದೇವರೇ! ನನ್ನೆದುರು ಹೂಂ ಅನ್ನುವುದು. ನಾನು ಹೊಸ್ತಿಲು ದಾಟುವಷ್ಟರಲ್ಲಿ ತುಂಬಿದ ಬಕೆಟ್ಟನ್ನು ಬೆರಳಿಗೆ ನೇತುಹಾಕಿಕೊಂಡು ಹೊರಡುವುದು. ಬೈದು ಬೈದು ನನ್ನ ಗಂಟಲೇ ಬಿದ್ದುಹೋಗಿತ್ತು.

ಕಾಕು ಮಾತ್ರ ಹಾಗಲ್ಲ. ಹೆದ್ದಾರಿ ಪಕ್ಕದ ಬೆಲ್ಲದಂಗಡಿಯ ಕಾಕಾನ ಹೆಂಡತಿ, ಊರಿಗೆಲ್ಲ ಚಿಕ್ಕಮ್ಮ. ಅಂಗಡಿಯ ಹಿಂದೆಯೇ ಮನೆ. ಒಳಗೆಲ್ಲ ಬೆಲ್ಲದ ವಾಸನೆ. ಕಾಕುವಿನ ಬೆರಳಿನ ಗಂಟುಗಳು ಬಾತು ಕೈ ಸೊಟ್ಟಗಾಗಿತ್ತು. ಅವರು ಕೆಲಸ ಮಾಡುವುದನ್ನು ನೋಡುತ್ತ ಕುಳಿತರೆ ಮಂಪರು ಬರುತ್ತಿತ್ತು, ಅಷ್ಟು ನಿಧಾನ. ಹಾಲಿನ ಪಾತ್ರೆಯನ್ನು ಎರಡೂ ಅಂಗೈಗಳಲ್ಲಿ ಎತ್ತುತ್ತಿದ್ದರು. ಬಾಗಿಲನ್ನು ಭುಜದಿಂದ ತಳ್ಳುತ್ತಿದ್ದರು. ಬಟ್ಟೆ ಹಿಂಡುತ್ತಲೇ ಇರಲಿಲ್ಲ. ನೀರು ತಾನೇ ಸೋರಲೆಂದು ಹಗ್ಗಕ್ಕೆ ಹಾಕಿಬಿಡುತ್ತಿದ್ದರು. ನಾನು ಹೇಳಿಕೊಡುವುದು ಏನೂ ಉಳಿದಿರಲಿಲ್ಲ.

“ಇದೆಲ್ಲಾ ಯಾರ್ ಕಲಿಸಿದ್ರು ಕಾಕು?” ಎಂದೆ.

ಕಾಕು ನಕ್ಕು ಕೈ ಚಾಚಿದರು. ಹೊಳಪು ಮಾಸಿದ ಹಸಿರು ಗಾಜಿನ ಬಳೆಗಳು. “ಇವು ಬ್ಯಾನಿ ಬರೂಕಿಂತ ಮೊದ್ಲಿನ ಬಳಿ ರೀ. ಒಡದ್ರ ಹೊಸಾವು ಈ ಗಂಟು ದಾಟಿ ಒಳಗ ಹೋಗಂಗಿಲ್ಲ. ಬಳಿಗಾರ ಕೈ ಮುಟ್ಟಾಕ ಒಲ್ಲೆ ಅಂತಾನ. ನಿಮ್ಮ ಕಾಕಾ ಇರೂತನಾ ನಾ ಬೋಳು ಕೈಲೆ ಹೆಂಗ ಅಡ್ಡಾಡ್ಲಿ?”

ಅಯ್ಯ, ಕೀಲು ಕಾಯುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಕಾಯುತ್ತಿದ್ದುದು ಬಳೆಗಳನ್ನು!

ಕಾಕಾ ಅಂಗಡಿಯಿಂದಲೇ ನನಗೆ ಕೂಗಿ ಹೇಳಿದರು: “ಕೇಳ್ರಿ ಬಾಯಾರ, ನಾ ಬಿದ್ದು ಕೈಕಾಲು ಮುರಕೊಂಡ್ರೂ ನಡೀತೈತಿ, ಬಳಿ ಒಡಿಬಾರ್ದು ಅಂತಾಳ ಈಕಿ!”

“ಸುಮ್ನ ಕುಂಡ್ರಿ,” ಎಂದು ಕಾಕು ಗದರಿದರು. ಆ ಇಬ್ಬರ ಮೇಲೆ ನನಗೆ ಎಂಥ ಅಕ್ಕರೆ ಹುಟ್ಟಿತೆಂದರೆ, ಕೆಲಸವಿಲ್ಲದಿದ್ದರೂ ಹೋಗಿ ಕೂಡುತ್ತಿದ್ದೆ.

ಒಂದು ಮಳೆಗಾಲ ಕಾಕಾ ತೀರಿಕೊಂಡರು. ಓಣಿಯ ಹೆಂಗಸರು ಕೂಡಿ ರೂಢಿಯಂತೆ ಕಾಕುವಿನ ಬಳೆ ಒಡೆದರು.

ಸ್ವಲ್ಪ ದಿನ ಬಿಟ್ಟು ಹೋದೆ. ಕಾಕು ತುಂಬಿದ ಬಕೆಟ್ಟನ್ನು ಬೆರಳುಗಳಿಗೇ ಸಿಕ್ಕಿಸಿಕೊಂಡು ಹಿತ್ತಲಿನಿಂದ ಬರುತ್ತಿದ್ದರು. ಗಂಟುಗಳು ಕೆಂಪೇರಿದ್ದವು.

“ಏನ್ ಮಾಡಾಕತ್ತೀರಿ ಕಾಕು! ಇಡ್ರಿ ಕೆಳಗ!” ಎಂದು ಚೀರಿದೆ. ಸಿಟ್ಟು ಬಂದಿತ್ತು, ಖರೆ ಹೇಳಬೇಕೆಂದರೆ ಅಳು ಬಂದಿತ್ತು.

ಅವರು ಇಳಿಸಲಿಲ್ಲ. ತಮ್ಮ ಬರಿದಾದ ಮಣಿಕಟ್ಟನ್ನೊಮ್ಮೆ ನೋಡಿಕೊಂಡರು.

“ಈಗ ಒಡಿಯೂದು ಏನೈತ್ರಿ ಬಾಯಾರ?”

ಬಕೆಟ್ಟಿನ ಹಿಡಿಕೆಗೆ ನಾನೂ ಕೈ ಹಾಕಿದೆ. ಇಬ್ಬರೂ ಮೆಲ್ಲಗೆ ಒಳಗೆ ನಡೆದೆವು… ಬೆಲ್ಲದ ವಾಸನೆ ಇನ್ನೂ ಹಾಗೇ ಇತ್ತು.

ಕಾಕು ಈಗಿಲ್ಲ. ಕೊನೆಕೊನೆಗೆ ಆ ಬೆರಳುಗಳು ಚಮಚ ಕೂಡ ಹಿಡಿಯುತ್ತಿರಲಿಲ್ಲವಂತೆ.

“ಕೊಡ್ರಿ ಅತ್ತಿ, ಕೈಗೆ ಚುಚ್ಚೀತು,” ಎನ್ನುತ್ತ ಸೊಸೆ ಬಳೆಚೂರನ್ನು ಇಸಿದುಕೊಂಡಳು. ಗೋಡೆಯ ಮೇಲಿನ ಹಸಿರು ಬೆಳಕೂ ಹೋಯಿತು.